ಬೆಂಗಳೂರಿನಲ್ಲಿ ಒಂದನೇ ತರಗತಿಗೆ ಶಾಲೆ ಆರಿಸುವುದು ಹೇಗೆ?

ಶಾಲೆ ಹುಡುಕಲು ಹೊರಡುವ ಮುನ್ನ ಮಗುವಿನ ಜನನ ಪ್ರಮಾಣಪತ್ರವನ್ನು ಕೈಗೆತ್ತಿಕೊಳ್ಳಿ. ಒಂದನೇ ತರಗತಿಗೆ ಸೇರುವ ವರ್ಷದ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. 2025-26ರಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 5 ವರ್ಷ 5 ತಿಂಗಳ ಸಡಿಲಿಕೆ ಕೊಟ್ಟಾಗ ಅದು ಆ ಸಾಲಿಗಷ್ಟೇ ಎಂದು ಸರ್ಕಾರ ಹೇಳಿತ್ತು. ಅಂಥ ಸಡಿಲಿಕೆಯನ್ನು ನೆಚ್ಚಿಕೊಂಡು ಮಗುವನ್ನು ಅವಸರದಲ್ಲಿ ಎಲ್‌ಕೆಜಿಗೆ ಸೇರಿಸಬೇಡಿ.

ಎರಡನೆಯದಾಗಿ, ಮನೆಯಿಂದ ನಡೆದು ಹೋಗಬಹುದಾದ ಶಾಲೆಗಳನ್ನೆಲ್ಲ, ಸರ್ಕಾರಿ, ಅನುದಾನಿತ, ಅನುದಾನರಹಿತ ಎಂದು ಬೇರ್ಪಡಿಸದೆ, ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ದಿನಕ್ಕೆ ಎರಡು ತಾಸು ವ್ಯಾನಿನಲ್ಲಿ ಕುಳಿತು ಬರುವ ಮಗುವಿಗೆ ಸಂಜೆ ಆಟಕ್ಕೂ ತ್ರಾಣವಿರುವುದಿಲ್ಲ. ಆದ್ದರಿಂದ ಶಾಲೆಯ ಹೆಸರಿಗಿಂತ ದೂರವೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಟ್ಟಿಯಲ್ಲಿರುವ ಸರ್ಕಾರಿ ಶಾಲೆಯನ್ನು ನೋಡದೆಯೇ ಹೊಡೆದುಹಾಕುವುದು ನಮ್ಮಲ್ಲಿ ಅನೇಕರು ಮಾಡುವ ತಪ್ಪು. 2019-20ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ನಡೆಯುತ್ತಿವೆ. ಸರ್ಕಾರವೇ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿದ ಮಗು ಅದೇ ಆವರಣದಲ್ಲಿ ಪಿಯುಸಿವರೆಗೂ ಓದಬಹುದು. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಉಚಿತ. ಅನುಮತಿ ಪಡೆದು ಊಟದ ವೇಳೆಗೆ ಹೋಗಿ. ಅನ್ನ ಸಾರಿನ ಪಾತ್ರೆಯನ್ನು ನೋಡಿ, ಶೌಚಾಲಯದ ನಲ್ಲಿಯನ್ನು ತಿರುಗಿಸಿ ನೋಡಿ, ಯಾವುದಾದರೊಂದು ಮಗುವಿನ ನೋಟ್‌ಬುಕ್ಕನ್ನು ತೆರೆದು ನೋಡಿ. ‘ಶಾಲೆ’ ಎಂಬಲ್ಲಿ ‘ಸಾಲೆ’ ಎಂದು ಬರೆದ ಪುಟದ ಕೆಳಗೂ ಕೆಂಪು ಶಾಯಿಯ ಸರಿ ಗುರುತು ಇದ್ದರೆ ಯಾರೂ ಅದನ್ನು ಓದಿಲ್ಲವೆಂದೇ ಅರ್ಥ. ಒಂದರಿಂದ ಐದರವರೆಗೆ 30 ಮಕ್ಕಳಿಗೊಬ್ಬ ಶಿಕ್ಷಕರಿರಬೇಕೆಂದು ಕಾನೂನು ಹೇಳುತ್ತದೆ. ಎಷ್ಟು ಮಂದಿ ಇದ್ದಾರೆಂದು ಕೇಳಲು ಸಂಕೋಚ ಬೇಡ. ಖಾಸಗಿ ಶಾಲೆಯಲ್ಲೂ ಇದೇ ಪರೀಕ್ಷೆ ನಡೆಯಲಿ.

ಖಾಸಗಿ ಶಾಲೆಯಾದರೆ ಕಾಗದಪತ್ರಗಳನ್ನೂ ನೋಡಬೇಕು. ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆ, ಅಂದರೆ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯ ಗುರುತಿನ ಸಂಖ್ಯೆ ಇರುತ್ತದೆ, ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಶಿಕ್ಷಣ ಇಲಾಖೆಯ ಮಾನ್ಯತೆ ಯಾವ ತರಗತಿಗೆ, ಯಾವ ಮಾಧ್ಯಮಕ್ಕೆ, ಯಾವ ವರ್ಷದವರೆಗೆ ಇದೆ ಎಂಬುದನ್ನು ಓದಿ ತಿಳಿದುಕೊಳ್ಳಿ. ಫಲಕದ ಮೇಲೆ ಸಿಬಿಎಸ್‌ಇ ಎಂದಿದ್ದರೆ ಮಂಡಳಿಯ ಜಾಲತಾಣದಲ್ಲಿ ಶಾಲೆಯ ಹೆಸರನ್ನು ಹುಡುಕಿ. ರಾಜ್ಯ ಪಠ್ಯಕ್ರಮದ ಅನುಮತಿಯನ್ನಷ್ಟೇ ಪಡೆದು ಕೇಂದ್ರ ಪಠ್ಯಕ್ರಮದ ಹೆಸರಿನಲ್ಲಿ ಶುಲ್ಕ ಕೇಳುವವರಿದ್ದಾರೆ. ಪಠ್ಯಕ್ರಮ ಯಾವುದಾದರೂ ಕನ್ನಡ ಕಲಿಸಬೇಕೆಂಬುದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಆಶಯವಾದ್ದರಿಂದ ಕನ್ನಡಕ್ಕೆ ವಾರಕ್ಕೆ ಎಷ್ಟು ಪೀರಿಯಡ್ ಎಂದೂ ಕೇಳಿ.

ನನ್ನ ಮಗಳನ್ನು ಸೇರಿಸಲು ಹೋಗಿದ್ದ ಒಂದು ಶಾಲೆಯಲ್ಲಿ ಆಕೆಯನ್ನೊಬ್ಬಳನ್ನೇ ಒಳಗೆ ಕರೆದು ಬಣ್ಣಗಳ ಹೆಸರು ಕೇಳಿದರು. ‘ನೇರಳೆ ನಂಗೆ ಗೊತ್ತಿತ್ತಪ್ಪಾ, ಇಂಗ್ಲಿಷ್‌ನಲ್ಲಿ ಗೊತ್ತಿರಲಿಲ್ಲ’ ಎಂದು ಹೊರಬಂದವಳು ಅತ್ತಳು. ಇಂಥ ಸಂದರ್ಶನವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸಿದೆಯೆಂದು ನನಗೆ ಆಗ ತಿಳಿದಿರಲಿಲ್ಲ. ಮೊದಲ ಸಲದ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡವಿದೆ. ಡೊನೇಷನ್ ಪಡೆದರೆ ಅದರ ಹತ್ತು ಪಟ್ಟು ದಂಡ ವಿಧಿಸಬಹುದು.

ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ಅದೇ ಕಾಯ್ದೆಯಡಿ ಮೀಸಲಾದ ಶೇ 25 ಉಚಿತ ಸೀಟುಗಳನ್ನು ನಂಬಿ ಕೂರುವಂತಿಲ್ಲ. 2019ರ ನಿಯಮ ತಿದ್ದುಪಡಿಯು ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಗಳನ್ನು ಆ ಹೊಣೆಯಿಂದ ಬಿಡಿಸಿದ ಮೇಲೆ, ನಗರದಲ್ಲಿ ಅಂಥ ಸೀಟುಗಳು ಬಹಳ ಕಡಿಮೆಯಾದವು.

ಕೊನೆಗೆ, ಹಣ ಕಟ್ಟುವ ಮುನ್ನ ಬೋಧನಾ ಶುಲ್ಕ, ವಾಹನ, ಪುಸ್ತಕ, ಸಮವಸ್ತ್ರದ ವಿವರವನ್ನು ಪ್ರತ್ಯೇಕವಾಗಿ ಬರವಣಿಗೆಯಲ್ಲಿ ಪಡೆಯಿರಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಇರಲಿ. ಏನಾದರೂ ತಕರಾರು ಬಂದರೆ ಆ ರಸೀದಿಗಳ ಪ್ರತಿಯೊಂದಿಗೆ ನಿಮ್ಮ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.