ಕಬ್ಬು ಕಡಿಯೋ ಗ್ಯಾಂಗಿಗೆ ನೀರಿನ ವ್ಯವಸ್ಥೆ ಹೀಗಿರಲಿ
ಬೆಳಗಾವಿ, ಬಾಗಲಕೋಟೆ ಕಡೆ ಬಿಸಿಲು ಏರಿದ ಮೇಲೆ ಕಟಾವು ಇಟ್ಟುಕೊಂಡ ರೈತರು ಗಮನಿಸಿ. ಬಾಯಾರುವ ಹೊತ್ತಿಗೆ ಮೈಯಲ್ಲಿನ ನೀರು ಆಗಲೇ ಇಳಿದಿರುತ್ತದೆ. ಇಪ್ಪತ್ತು ನಿಮಿಷಕ್ಕೊಂದು ಲೋಟ, ಅಂದರೆ ಒಬ್ಬರಿಗೆ ತಾಸಿಗೆ ಮುಕ್ಕಾಲು ಲೀಟರ್. ಹತ್ತು ಜನರಿಗೆ ಆರು ತಾಸಿಗೆ 45 ಲೀಟರ್ ಬೇಕು. ಕೊಡ ಬದುವಿನ ಮೇಲೇ ಕೂತರೆ ಪ್ರಯೋಜನವಿಲ್ಲ. ಟನ್ ಲೆಕ್ಕದಲ್ಲಿ ದುಡಿಯುವವರು ಕೆಲಸ ಬಿಟ್ಟು ಅಷ್ಟು ದೂರ ಹೋಗುವುದಿಲ್ಲ. ಕಡಿಯುವ ಸಾಲಿನ ಜೊತೆಗೇ ಕೊಡವನ್ನೂ ಮುಂದೆ ಸರಿಸಿ.

ಬೆವರು ಹೆಚ್ಚಿದ್ದರೆ ನಡುನಡುವೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುಡಿಯುವ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಹೆಣ್ಣುಮಕ್ಕಳು ಮರೆಯಿಲ್ಲ ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಮೇಲೆ ಉರಿಮೂತ್ರ ಶುರು. ನಾಲ್ಕು ಗಳ ನೆಟ್ಟು ಹಳೇ ತಾಡಪಾಲು ಕಟ್ಟಿಕೊಡಿ, ಒಂದು ಬಕೆಟ್ ನೀರಿಡಿ. ಇದನ್ನು ದಯವಿಟ್ಟು ತಪ್ಪಿಸಬೇಡಿ.

ಮೈಕೈ ನೋವಿಗೆ ಡೈಕ್ಲೋಫೆನಾಕ್ ಗುಳಿಗೆ ಹಂಚಬೇಡಿ. ನೀರಿಳಿದ ಮೈಯಲ್ಲಿ ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ.

ಯಾರಾದರೂ ತಡಬಡಿಸಿ ಮಾತಾಡಿದರೆ, ತೂರಾಡಿದರೆ ತಕ್ಷಣ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.