ಸಾಲದ ಷರತ್ತು ಮತ್ತು ಹೊಲದ ಬದು: ಸುಜಲ ಯೋಜನೆಯಲ್ಲಿ ನನ್ನ ಅನುಭವ

ಬಡತನ ನಿವಾರಣೆಗೆ ಹೊರದೇಶಗಳಿಂದ ಬರುವ ನೆರವಿನ ಬಗ್ಗೆ ಮಾತು ಬಂದಾಗಲೆಲ್ಲ ಎಷ್ಟು ಕೋಟಿ ಬಂತು ಎಂಬ ಪ್ರಶ್ನೆಯೇ ಮುಂದಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಒಣಬೇಸಾಯದ ಹಳ್ಳಿಗಳಲ್ಲಿ ಮಳೆನೀರನ್ನೂ ಮಣ್ಣನ್ನೂ ಹೊಲದಲ್ಲೇ ಹಿಡಿದಿಡುವ ಸುಜಲ ಜಲಾನಯನ ಯೋಜನೆಯ ಸಮುದಾಯ ಸಂಘಟಕನಾಗಿ ದುಡಿದ ಮೇಲೆ, ಆ ಹಣದ ಜೊತೆ ಬಂದ ಷರತ್ತುಗಳು ಯಾರ ಕೈಗೆ ಬಲ ಕೊಟ್ಟವು ಎಂದು ಮೊದಲು ಕೇಳಬೇಕೆಂಬುದು ನನ್ನ ನಿಲುವಾಗಿದೆ.

ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ಸುಜಲಕ್ಕೆ ಸುಮಾರು 10 ಕೋಟಿ ಡಾಲರ್ ಸಾಲ ನೀಡಿತ್ತು. 2001ರಲ್ಲಿ ಆರಂಭವಾಗಿ 2009ರವರೆಗೆ ನಡೆದ ಈ ಯೋಜನೆಯ ವ್ಯಾಪ್ತಿಯಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಿದ್ದವು. 1960ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಸಿರಿವಂತ ದೇಶಗಳು ಕಾಲಕಾಲಕ್ಕೆ ಹಣ ತುಂಬುತ್ತವೆ. ಬಡ ದೇಶಗಳು ಅದರಿಂದ ಪಡೆದ ಸಾಲವನ್ನು ಅತಿ ಕಡಿಮೆ ಸೇವಾ ಶುಲ್ಕ ಕೊಟ್ಟು ದಶಕಗಳ ಅವಧಿಯಲ್ಲಿ ತೀರಿಸುತ್ತವೆ. ಇದು ದಾನವಲ್ಲ, ಸರ್ಕಾರ ತೀರಿಸಲೇಬೇಕಾದ ಸಾಲ ಎಂಬುದನ್ನು ಗ್ರಾಮಸಭೆಯಲ್ಲಿ ಬಿಡಿಸಿ ಹೇಳುತ್ತಿದ್ದೆವು. ಹಾಗೆ ಹೇಳಿದ ಮೇಲೆ ಜನ ಕೇಳುವ ಪ್ರಶ್ನೆಗಳೂ ಗಟ್ಟಿಯಾಗುತ್ತಿದ್ದವು.

ಕ್ರಿಯಾ ಯೋಜನೆಯನ್ನು ಕಚೇರಿಯಲ್ಲಿ ಕುಳಿತು ಬರೆಯುವಂತಿರಲಿಲ್ಲ. ಪ್ರತಿ ಸರ್ವೆ ನಂಬರಿನ ಹೊಲಕ್ಕೂ ಹೋಗಿ, ಅದರ ಒಡೆಯನನ್ನೂ ಅಕ್ಕಪಕ್ಕದ ಹಿಡುವಳಿದಾರರನ್ನೂ ಕೂಡಿಸಿಕೊಂಡು, ಎಲ್ಲಿ ಬದು, ಎಲ್ಲಿ ಕೃಷಿ ಹೊಂಡ, ಯಾವ ಅಂಚಿಗೆ ಯಾವ ಮರ ಎಂದು ನಕಾಶೆಯ ಮೇಲೆ ಗುರುತು ಹಾಕಿ ಸಹಿ ಪಡೆಯಬೇಕಿತ್ತು. ಕೆಲಸ ದಿಣ್ಣೆಯಿಂದ ಆರಂಭವಾಗಿ ಹಳ್ಳದ ಕಡೆಗೆ ಇಳಿಯಬೇಕಿತ್ತು, ಏಕೆಂದರೆ ಮೇಲಿನ ಹೊಲದಲ್ಲಿ ನೀರು ನಿಲ್ಲದಿದ್ದರೆ ಕೆಳಗಿನ ತಡೆ ಅಣೆ ಒಂದೆರಡು ಮಳೆಗಾಲದಲ್ಲೇ ಹೂಳಿನಿಂದ ತುಂಬಿಹೋಗುತ್ತದೆ. ಇದರಿಂದ ದಿಣ್ಣೆಯ ಮೇಲಿನ ತೆಳು ಮಣ್ಣಿನ ಜಮೀನುಗಳಿಗೆ, ಅಂದರೆ ಸಾಮಾನ್ಯವಾಗಿ ಊರಿನ ಬಡ ರೈತರಿಗೆ, ಮೊದಲ ಸರದಿ ಸಿಕ್ಕಿತು.

ಅಂಥದೊಂದು ದಿನ ಅಣ್ಣತಮ್ಮಂದಿರಿಬ್ಬರ ಅಕ್ಕಪಕ್ಕದ, ಶೇಂಗಾ ಕಿತ್ತ ಹೊಲಗಳಲ್ಲಿ, ನೀರು ತುಂಬಿದ ಪಾರದರ್ಶಕ ಕೊಳವೆ ಹಿಡಿದು ಸಮಮಟ್ಟ ನೋಡುತ್ತಾ ಸುಣ್ಣದ ಪುಡಿಯ ಗೆರೆ ಎಳೆಯುತ್ತಿದ್ದೆವು. ಗೆರೆ ಬೇಸಾಯದ ಸಾಲಿಗೆ ಅಡ್ಡ ಬರುತ್ತದೆಂದು ತಮ್ಮನ ತಕರಾರು. ಕೋಡಿಯನ್ನು ತನ್ನ ಹೊಲದ ಕಡೆಗೆ ತಿರುಗಿಸಿದರೆ ಮಣ್ಣು ಕೊಚ್ಚಿಹೋಗುತ್ತದೆಂದು ಅಣ್ಣನ ತಕರಾರು. ಹಳೆಯ ಮಳೆಗಳಲ್ಲಿ ನೀರು ಹರಿದ ದಾರಿಯನ್ನು ಅವರ ತಾಯಿಯೇ ನಡೆದು ತೋರಿಸಿದರು. ಕೋಡಿಗೆ ಕಲ್ಲು ಜೋಡಿಸಿ, ನೀರನ್ನು ಇಬ್ಬರ ಹೊಲದ ನಡುವಿನ ಕೊರಕಲಿಗೆ ಬಿಡುವುದೆಂದು ತೀರ್ಮಾನವಾಯಿತು. ಅಳತೆಯ ಪುಸ್ತಕದಲ್ಲಿ ಇಂಥ ತೀರ್ಮಾನಕ್ಕೆ ಜಾಗವಿರುವುದಿಲ್ಲ, ಆದರೆ ಬದು ಉಳಿಯುವುದು ಇದರಿಂದಲೇ.

ವಂತಿಗೆಯ ವಿಷಯ ಕಷ್ಟದ್ದು. ಕೆಲಸದ ವೆಚ್ಚದಲ್ಲಿ ರೈತನೂ ಒಂದು ಪಾಲನ್ನು ಭರಿಸಬೇಕೆಂಬ ನಿಯಮವನ್ನು, ಬರಗಾಲದ ಬಿಸಿ ಆರದ ಆ ವರ್ಷಗಳಲ್ಲಿ, ಹಲವರು ಕ್ರೂರವೆಂದು ಕರೆದರು. ಪಾಲು ತೀರಾ ಬಡವರಿಗೆ ಭಾರವಾಗದಂತೆ ನೋಡಿಕೊಳ್ಳಬೇಕೆಂಬುದನ್ನು ನಾನು ಒಪ್ಪುತ್ತೇನೆ, ನಿಯಮವನ್ನೇ ಕೈಬಿಡಬೇಕೆಂಬುದನ್ನು ಒಪ್ಪುವುದಿಲ್ಲ. ತನ್ನ ದುಡ್ಡು ಸೇರಿದ ಬದುವಿನ ಉದ್ದವನ್ನು ರೈತ ತಾನೇ ಅಳೆಯುತ್ತಿದ್ದ; ಕಡಿಮೆ ಬಂದರೆ ಊರಿನ ಜಲಾನಯನ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳುತ್ತಿದ್ದ.

ಜಲಾನಯನ ಯೋಜನೆಗಳೆಲ್ಲ ಹೊಲವಿದ್ದವರ ಕಡೆಗೇ ವಾಲುತ್ತವೆ. "ಬದು ಹಾಕೋದು ಹೊಲ ಇರೋರಿಗೆ, ನಮಗೇನೈತೆ ಸಾರ್?" ಎಂದು ಭೂರಹಿತ ಕುಟುಂಬದ ಹೆಣ್ಣುಮಗಳೊಬ್ಬರು ಸಭೆಯಲ್ಲೇ ಕೇಳಿದ್ದರು. ಕೂಲಿ ಸಿಗುತ್ತದೆ ಎಂಬ ಉತ್ತರ ಅವರಿಗೆ ಸಾಲದು, ಏಕೆಂದರೆ ಬದು ಮುಗಿದ ದಿನ ಕೂಲಿಯೂ ಮುಗಿಯುತ್ತದೆ. ಇಂಥವರಿಗಾಗಿ ಯೋಜನೆಯಲ್ಲಿ ಸ್ವಸಹಾಯ ಸಂಘಗಳ ಮೂಲಕ ಆದಾಯ ತರುವ ಚಟುವಟಿಕೆಗಳಿಗೆ ಹಣವಿತ್ತು. ಆಕೆಯ ಸಂಘದವರು ಕುರಿ, ಮೇಕೆ ಕೊಂಡರು; ಒಬ್ಬರು ಚಿಲ್ಲರೆ ಅಂಗಡಿ ಇಟ್ಟರು. ಮರುಪಾವತಿಯಾದ ಹಣ ಸಂಘದಲ್ಲೇ ಉಳಿದು ಮತ್ತೊಬ್ಬರಿಗೆ ಸಾಲವಾಗುತ್ತಿತ್ತು. ನನ್ನ ಮಟ್ಟಿಗೆ ಬಡತನಕ್ಕೆ ನೇರವಾಗಿ ಕೈಯಿಟ್ಟ ಭಾಗ ಇದೇ, ಮತ್ತು ಒಟ್ಟು ವೆಚ್ಚದಲ್ಲಿ ಇದಕ್ಕೆ ಸಂದ ಪಾಲು ಇನ್ನೂ ದೊಡ್ಡದಿರಬೇಕಿತ್ತು.

ಮೇಲ್ವಿಚಾರಣೆ ಮತ್ತು ಮೌಲ್ಯಮಾಪನದ ಹೊಣೆ ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್‌ನದಾಗಿತ್ತು. ಉಪಗ್ರಹ ಚಿತ್ರಗಳು ಹಸಿರು ಹೊದಿಕೆಯ ಬದಲಾವಣೆಯನ್ನು ತೋರಿಸಿದರೆ, ಅವರ ಕ್ಷೇತ್ರ ಸಿಬ್ಬಂದಿ ಸಂಘದ ಪುಸ್ತಕಗಳನ್ನೂ ತಿರುವಿ ನೋಡುತ್ತಿದ್ದರು. ಕೆಲಸ ಮಾಡಿಸುವವರೇ ಫಲಿತಾಂಶವನ್ನೂ ಬರೆಯುವ ಪದ್ಧತಿಗೆ ಒಗ್ಗಿದ್ದ ನಮಗೆ ಈ ಏರ್ಪಾಡು ಹೊಸದು.

ಮುಂದೆ ವಿಶ್ವಬ್ಯಾಂಕಿನ ನೆರವಿನಿಂದಲೇ ಬಂದ ಸುಜಲ-3 ಪ್ರತಿ ಹೊಲದ ಮಣ್ಣಿನ ಸಮೀಕ್ಷೆಗೆ ಒತ್ತು ಕೊಟ್ಟಿತು. ಅದೂ ಬೇಕಾದ ಕೆಲಸವೇ. ಆದರೆ ಯೋಜನೆಯ ಅವಧಿ ಮುಗಿದ ಮೇಲೆ ಹೊಂಡದ ಹೂಳು ತೆಗೆಯುವವರು ಯಾರು, ಅದಕ್ಕೆ ದುಡ್ಡೆಲ್ಲಿಂದ ಎಂಬುದು ಸಾಲದ ಒಪ್ಪಂದದ ಹಂತದಲ್ಲೇ ಇತ್ಯರ್ಥವಾಗಬೇಕು. ಆ ಹಣವನ್ನು ಊರಿನ ಸಂಘದ ಖಾತೆಯಲ್ಲಿಟ್ಟು, ಅದರ ಜವಾಬ್ದಾರಿಯನ್ನು ಗ್ರಾಮ ಪಂಚಾಯಿತಿಗೆ ಬರವಣಿಗೆಯಲ್ಲಿ ವಹಿಸಬೇಕೆಂದು ಹೊಸ ಯೋಜನೆಗಳ ಸಭೆಗಳಲ್ಲಿ ಈಗಲೂ ಕೇಳುತ್ತಿದ್ದೇನೆ.