ಅಲಸಂದೆ ಮಡಿಯಲ್ಲೊಂದು ಪ್ರಯೋಗಾಲಯ

ಶಾಲಾ ಕೈತೋಟ ಎಂದರೆ ಬಹಳ ಕಡೆ ಬಿಸಿಯೂಟಕ್ಕೆ ನಾಲ್ಕು ಕಟ್ಟು ಸೊಪ್ಪು, ಒಂದು ನುಗ್ಗೆ ಮರ, ಅಲ್ಲಿಗೆ ಮುಗಿಯಿತು. ಅದೇ ಜಾಗಕ್ಕೆ ಅಳತೆಪಟ್ಟಿ, ತಕ್ಕಡಿ, ಒಂದು ನೋಟ್‌ಬುಕ್ ಬಂದರೆ 7–8ನೇ ತರಗತಿಯ ಅರ್ಧ ವಿಜ್ಞಾನವನ್ನು ಅಲ್ಲೇ ಕಲಿಸಬಹುದು. ಬೆಳೆ ಅಲಸಂದೆಯಾಗಲಿ. ಜೂನ್‌ನಲ್ಲಿ ಬಿತ್ತಿದರೆ ದಸರಾ ರಜೆಗೆ ಮೊದಲೇ ಹೂವು, ಕಾಯಿ ಎರಡನ್ನೂ ನೋಡಿ ಮುಗಿಸಬಹುದು.

ಮೊದಲು ಬೀಜದ ಪರೀಕ್ಷೆ. 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕು ದಿನದಲ್ಲಿ 16ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ತನ್ನಿ.

3 ಮೀಟರ್ ಉದ್ದ, 1 ಮೀಟರ್ ಅಗಲದ ಎರಡು ಮಡಿ ಮಾಡಿ, ನೆಲದಿಂದ 15 ಸೆಂ.ಮೀ. ಎತ್ತರಿಸಿ. ತಗ್ಗಾದರೆ ಮಳೆನೀರು ನಿಂತು ಬೀಜ ಕೊಳೆಯುತ್ತದೆ. ಸಾಲಿನಿಂದ ಸಾಲಿಗೆ 30, ಗುಣಿಯಿಂದ ಗುಣಿಗೆ 15, ಆಳ 3 ಸೆಂ.ಮೀ. ಗುಣಿಗೆ ಎರಡು ಬೀಜ. ಒಂದು ಮಡಿಗೆ ಎಷ್ಟು ಬೀಜ ಬೇಕೆಂದು ಮಕ್ಕಳೇ ಲೆಕ್ಕ ಹಾಕಲಿ (ಮೂರು ಸಾಲಿಗೆ 120). ಕೆಮ್ಮಣ್ಣಿನಲ್ಲಿ ಜೋರು ಮಳೆ ಬಿದ್ದು ಬಿಸಿಲಾದರೆ ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾಗಿ ಮೊಳಕೆ ಒಳಗೇ ಮುರಿಯುತ್ತದೆ. ತೆಳುವಾಗಿ ಒಣಹುಲ್ಲು ಹೊದಿಸಿದರೆ ಸಾಕು.

ಮೊಳೆತು ಹತ್ತು ದಿನದ ಮೇಲೆ ಒಂದು ಮಡಿಗೆ ಮಾತ್ರ 30 ಗ್ರಾಂ ಯೂರಿಯಾ ಕೊಡಿ, ಬುಡಕ್ಕೆ ತಾಗದಂತೆ. ಈ ಕೆಲಸ ಮೇಷ್ಟ್ರದ್ದು. ಎರಡು ಮಡಿಗಳ ನಡುವೆ ಒಂದು ಕಾಲುವೆ ಇರಲಿ, ಇಲ್ಲವಾದರೆ ಗೊಬ್ಬರ ಕರಗಿ ಪಕ್ಕದ ಮಡಿಗೂ ಹೋಗಿ ಪ್ರಯೋಗ ಕೆಡುತ್ತದೆ.

ಹೂ ಬಿಡುವ ಹೊತ್ತಿಗೆ ಎರಡೂ ಮಡಿಯಿಂದ ಮೂರು ಮೂರು ಗಿಡ ತೆಗೆಯಿರಿ. ಕೈಯಲ್ಲಿ ಕೀಳಬೇಡಿ, ಬೇರಿನ ಮೇಲಿನ ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ. ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿ. ಬೇರುಗಂಟು ಎಣಿಸಿ ಬ್ಲೇಡಿನಿಂದ ಸೀಳಿ. ಒಳಗೆ ರಕ್ತದಂಥ ಕೆಂಪು ಕಂಡರೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂದರ್ಥ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ಹಿಮೋಗ್ಲೋಬಿನ್‌ನ ನೆಂಟ. ಬಿಳಿ ಅಥವಾ ಹಸಿರಾಗಿದ್ದರೆ ಗಂಟು ಇನ್ನೂ ಎಳೆಯದು, ಇಲ್ಲವೇ ಕೆಲಸ ನಿಲ್ಲಿಸಿದೆ. ಯೂರಿಯಾ ಮಡಿಯಲ್ಲಿ ಸಾಮಾನ್ಯವಾಗಿ ಗಂಟು ಕಡಿಮೆ: ಕೂತಲ್ಲೇ ಊಟ ಸಿಕ್ಕಿದ ಗಿಡ ಬ್ಯಾಕ್ಟೀರಿಯಾವನ್ನು ಸಾಕುವುದಿಲ್ಲ.

ಇನ್ನು ನೀರು. 1 ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ 1 ಲೀಟರ್; ನಮ್ಮ ಮಡಿಗೆ 3 ಲೀಟರ್. ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳೇ ಯಂತ್ರ ಮಾಡಿ ಕಲಿಯಲು ಕೇಂದ್ರ ಸರ್ಕಾರದ ಯೋಜನೆಯ ಪ್ರಯೋಗಾಲಯ) ಇರುವ ಶಾಲೆಗಳಲ್ಲಿ ಆರ್ಡುಯಿನೊ ಬೋರ್ಡ್ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಕಂಪ್ಯೂಟರ್ ಸಿಗುತ್ತದೆ, ಅದಕ್ಕೆ ಮಣ್ಣಿನ ತೇವ ಅಳೆಯುವ ಸೆನ್ಸರ್ ಜೋಡಿಸಿ. ಎರಡು ಕಾಲಿನ ಅಗ್ಗದ ಸೆನ್ಸರ್‌ಗೆ ಸದಾ ಕರೆಂಟ್ ಹರಿದರೆ ವಿದ್ಯುದ್ವಿಭಜನೆಯಿಂದ ಪ್ಲಸ್ ಕಡೆಯ ಕಾಲು ಕೆಲವೇ ವಾರದಲ್ಲಿ ಸವೆದುಹೋಗಬಹುದು. ಲೋಹ ಮಣ್ಣಿಗೆ ತಾಗದಂತೆ ಮುಚ್ಚಿರುವ ಕೆಪಾಸಿಟಿವ್ ಮಾದರಿ ಮೇಲು. ನೀರು ಒಳಗಿಳಿಯದಂತೆ ಅದರ ಅಂಚಿಗೆ ನೇಲ್ ಪಾಲಿಶ್ ಬಳಿದು, ಗುರುತಿನ ಗೆರೆಯವರೆಗೆ ಮಾತ್ರ ಹೂಳಿ. ಸೆನ್ಸರ್‌ನ ಔಟ್‌ಪುಟ್ ತಂತಿ ಬೋರ್ಡ್‌ನ ಎ0 (A0) ಪಿನ್‌ಗೆ.

ಪರದೆಯಲ್ಲಿ ಬರುವ 480, 390 ಎಂಬ ಅಂಕಿಗಳಿಗೆ ತಮ್ಮಷ್ಟಕ್ಕೆ ಅರ್ಥವಿಲ್ಲ. ಮೂರು ದಿನ ಬಿಸಿಲಲ್ಲಿ ಒಣಗಿಸಿದ 500 ಗ್ರಾಂ ತೋಟದ ಮಣ್ಣು ತೂಗಿ ಸೆನ್ಸರ್ ಚುಚ್ಚಿ ಅಂಕಿ ಬರೆದುಕೊಳ್ಳಿ. 25 ಮಿ.ಲೀ. ನೀರು ಬೆರೆಸಿ, ಚೆನ್ನಾಗಿ ಕಲಸಿ, ಒತ್ತಿ, ಮತ್ತೆ ಅಳೆಯಿರಿ. ಹೀಗೆ ನಾಲ್ಕು ಬಾರಿ, ಪ್ರತಿ ಬಾರಿಯೂ ತೇವ ಶೇ 5ರಷ್ಟು ಏರುತ್ತದೆ. ನಕ್ಷೆ ಎಳೆದರೆ ಕೆಪಾಸಿಟಿವ್‌ನಲ್ಲಿ ನೀರು ಹೆಚ್ಚಿದಂತೆ ಅಂಕಿ ಇಳಿಯುವುದು ಕಾಣುತ್ತದೆ. ಮಣ್ಣು ಸಡಿಲವಿದ್ದರೆ ಸೆನ್ಸರ್ ಸುತ್ತ ಗಾಳಿ ನಿಂತು, ಒದ್ದೆ ಮಡಿಯನ್ನೂ ಒಣಗಿದೆ ಎನ್ನುತ್ತದೆ.

ಇಷ್ಟಾದ ಮೇಲೆ ಮಕ್ಕಳು ಪಂಪ್ ಜೋಡಿಸೋಣ ಅಂತಾರೆ. ಜೋಡಿಸಲಿ. ಆದರೆ ಒಂದು ಬಾರಿಗೆ 30 ಸೆಕೆಂಡಿಗಿಂತ ಹೆಚ್ಚು ಓಡದಂತೆ, ಮತ್ತೆ ಓಡುವ ಮೊದಲು ಒಂದು ಗಂಟೆ ಕಾಯುವಂತೆ ಪ್ರೋಗ್ರಾಂನಲ್ಲೇ ಮಿತಿ ಹಾಕಿಸಿ. ಶನಿವಾರ ಸಂಜೆ ನಾಯಿ ಓಡಾಡಿ ಸೆನ್ಸರ್ ಮಣ್ಣಿನಿಂದ ಮೇಲೆ ಬಂತೆಂದರೆ ಅದಕ್ಕೆ ಕಾಣುವುದೆಲ್ಲ ಒಣ ನೆಲವೇ. ಮಿತಿಯಿಲ್ಲದ ಪಂಪ್ ಸೋಮವಾರದೊಳಗೆ ಟ್ಯಾಂಕ್ ಖಾಲಿ ಮಾಡಿರುತ್ತದೆ.